ಟೀವಿಯ ಮಾತನ್ನು ಎದುರಿಗೆ ತಿರುಗಿಸಿದ ಹೊನ್ನಿ

ಬೆಳಗಿನ ಐದೂಮುಕ್ಕಾಲು. ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಬಸ್ಸು ಇನ್ನೂ ಚಾಲೂ ಆಗಿಲ್ಲ. ಹಿಂದಿನ ಓಣಿಯ ಒಂದು ಪುಟ್ಟ ಕೋಣೆಯಲ್ಲಿ ಹೊನ್ನಿ ನಾಯ್ಕ ಚಾಪೆಯ ಮೇಲೆ ಕೂತು, ಅಂಗೈ ಅಗಲದ ಸ್ಪೀಕರಿನ ಕಾಗದದ ಬಟ್ಟಲನ್ನು ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುತ್ತಾರೆ. ಕಿವಿಯ ಹತ್ತಿರ ತಂದು ಮತ್ತೊಮ್ಮೆ ಒತ್ತುತ್ತಾರೆ. ಒಳಗೆಲ್ಲೋ ಕೂದಲೆಳೆಯಷ್ಟು ಕೆರೆತ. ಮುಖ ಕಿವುಚಿ ಅದನ್ನು ಪಕ್ಕಕ್ಕಿಡುತ್ತಾರೆ.

"ಬಸ್ಸು ಶುರುವಾದ್ಮೇಲೆ ಇದೆಲ್ಲ ಕೇಳೂದಿಲ್ಲ. ಅದ್ಕೇ ಬೆಳಗಾಗೂಕೆ ಮುಂಚೆ ಕೂತ್ಕಳ್ತೆ," ಎನ್ನುತ್ತಾರೆ.

ಹೊನ್ನಿಗೆ ಈಗ ನಲವತ್ತೇಳು. ಹರಿದ ಸ್ಪೀಕರುಗಳಿಗೆ ಹೊಸ ಕಾಗದ ಅಂಟಿಸುವುದು, ಸುಟ್ಟ ಕಾಯಿಲಿಗೆ, ಎಂದರೆ ಒಳಗಿನ ತಂತಿಸುರುಳಿಗೆ, ಹೊಸ ತಂತಿ ಸುತ್ತುವುದು ಅವರ ಕಸುಬು. ದಿನಕ್ಕೆ ಆರು, ಕೈ ಕೂಡಿಬಂದರೆ ಎಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೈಕ್‌ಸೆಟ್ಟಿನವರಿಗೆಲ್ಲ ಈ ಕೋಣೆ ಗೊತ್ತು. ಆದರೆ ಬಾಗಿಲಿಗೆ ಬೋರ್ಡಿಲ್ಲ. ಇತ್ತು, ಒಂದು ಕಾಲಕ್ಕೆ. ಅದನ್ನು ಅವರೇ ಕಳಚಿ ವಾಪಸು ಕೊಟ್ಟರು.

ಕಸುಬು ಹತ್ತಿದ್ದು ೧೯೯೧ರಲ್ಲಿ, ಅನಿವಾರ್ಯಕ್ಕೆ. ಗಂಡ ಹುಚ್ಚ ನಾಯ್ಕರು ಆಗಷ್ಟೇ ಮೈಕ್‌ಸೆಟ್ ಇಟ್ಟಿದ್ದರು. ಮದುವೆಯೊಂದಕ್ಕೆ ಮೂರು ದಿನ ಇರುವಾಗ ಇದ್ದ ಎರಡೂ ಸ್ಪೀಕರು ಸುಟ್ಟವು. ಹುಬ್ಬಳ್ಳಿಗೆ ಕಳಿಸಿದರೆ ಎಂಟು ದಿನ. ಹೊನ್ನಿ ಒಂದನ್ನು ಬ್ಲೇಡಿನಿಂದ ಸೀಳಿ, ಕಾಯಿಲಿನ ತಂತಿಯನ್ನು ಒಂದೊಂದೇ ಸುತ್ತು ಎಣಿಸುತ್ತ ಬಿಚ್ಚಿದರು. ಅಷ್ಟೇ ಸುತ್ತು ಹೊಸ ತಂತಿ ಸುತ್ತಿದರು. ಮೊದಲ ಮೂರು ಸಲ ಕೆರೆಯಿತು. ನಾಲ್ಕನೆಯ ಸಲ ಹಾಡಿತು. "ಇವ್ಳು ಬಿಚ್ಚಿದ್ದು ನೋಡಿ ನಾ ತಲೆ ಮೇಲೆ ಕೈ ಇಟ್ಕಂಡು ಕೂತಿದ್ದೆ," ಎಂದು ಹುಚ್ಚ ನಾಯ್ಕರು ಇಂದಿಗೂ ನಗುತ್ತಾರೆ.

ಹತ್ತು ವರ್ಷದಲ್ಲಿ ಹೊನ್ನಿಯ ಕೈಯ ಸುದ್ದಿ ಶಿರಸಿಯ ನಂದನ ಹೆಗಡೆಯವರಿಗೆ ಮುಟ್ಟಿತು. ಅವರದು ಭಾರೀ ಬೆಲೆಯ ಮ್ಯೂಸಿಕ್ ಸಿಸ್ಟಮ್ಮುಗಳ ಅಂಗಡಿ. ದೂರದ ದೊಡ್ಡ ಕಂಪನಿಯೊಂದರ ಸ್ಪೀಕರು ಮಾರುತ್ತಿದ್ದರು. ಅವರ ಶಿಫಾರಸಿನ ಮೇಲೆ ಕಂಪನಿ ಹೊನ್ನಿಗೆ ಅಧಿಕೃತ ರಿಪೇರಿಯ ಬೋರ್ಡು ಕೊಟ್ಟಿತು. ವರ್ಷವಿಡೀ ತಪ್ಪದೆ ಬರುವ ಕೆಲಸ. ಮನೆ ನಿಂತದ್ದೇ ಅದರ ಮೇಲೆ.

೨೦೦೪ರ ಒಂದು ಮಧ್ಯಾಹ್ನ ಹುಲೇಕಲ್ಲಿನಿಂದ ರಾಜೀವಿ ಎಂಬ ಎಪ್ಪತ್ತರ ಹೆಂಗಸು ಬಸ್ಸಿಳಿದು ವಿಳಾಸ ಕೇಳಿಕೊಂಡು ಬಂದರು. ಚೀಲದಲ್ಲಿ ಸ್ಪೀಕರಿಲ್ಲ, ಏನೂ ಇಲ್ಲ.

"ತಂಗಿ, ನಮ್ಮನೆ ಟೀವಿ ಹಾಳಾಗಿಲ್ಲ. ಕಿವಿಯೂ ಪೂರ್ತಿ ಹೋಗಿಲ್ಲ. ನೀ ಮಾತಾಡಿದ್ರೆ ತಿಳೀತದೆ. ಟೀವಿಯವ್ರು ಎಂತ ಹೇಳ್ತ್ರು ಅಂತ ಮಾತ್ರ ತಿಳಿಯೂದಿಲ್ಲ," ಎಂದರು. ಶಬ್ದ ದೊಡ್ಡದು ಮಾಡಿದರೆ ಮನೆಯವರು ಸಿಡುಕುತ್ತಾರೆ. "ಎಲ್ರೂ ನಗಾಡಿದಾಗ ನಾನೂ ನಗಾಡ್ತೆ. ಎಂತಕ್ಕೆ ಅಂತ ಗೊತ್ತಿರೂದಿಲ್ಲ."

ಆ ಮಾತು ಹೊನ್ನಿಗೆ ನಾಟಿತು. ಮರುದಿನವೇ ಹುಲೇಕಲ್ಲಿಗೆ ಹೋದರು. ಮರದ ಶೋಕೇಸಿನೊಳಗೆ ಟೀವಿ. ಅದರ ಸ್ಪೀಕರುಗಳು ಎಡಬಲಕ್ಕೆ ಮುಖ ಮಾಡಿದ್ದವು. ದನಿಯೆಲ್ಲ ಮರಕ್ಕೆ ಬಡಿದು, ಕಲಸಿ, ಆಮೇಲೆ ಹೊರಗೆ ಬರುತ್ತಿತ್ತು. ಎದುರು ಕೂತವರಿಗೆ ಅದರ ಉಳಿಕೆ.

ಪರಿಹಾರ ಸುಲಭ ಎಂದುಕೊಂಡರು. ಗಿರಾಕಿಯೊಬ್ಬರು ಬಿಟ್ಟುಹೋದ, ಬೋರ್ಡು ಕೊಟ್ಟ ಕಂಪನಿಯದೇ ದುಬಾರಿ ಸ್ಪೀಕರುಗಳು ಕೋಣೆಯಲ್ಲಿದ್ದವು. ಹುಚ್ಚ ನಾಯ್ಕರು ಪ್ಲೈವುಡ್ಡಿನಲ್ಲಿ ಟೀವಿಯಷ್ಟೇ ಉದ್ದದ ತಗ್ಗು ಪೆಟ್ಟಿಗೆ ಮಾಡಿಕೊಟ್ಟರು. ಸ್ಪೀಕರುಗಳನ್ನು ಅದರೊಳಗೆ ಹಾಕಿ, ಟೀವಿಗೆ ತಂತಿ ಜೋಡಿಸಿ, ದನಿ ಎದುರಿಗೆ ಬರುವಂತೆ ಅದರ ಕೆಳಗೆ ಕೂರಿಸಿದರು. ಶೋಕೇಸಿನ ಗಾಜು ನಡುಗುವಂಥ ದನಿ ಬಂತು. ರಾಜೀವಿ ಮಾತ್ರ ತಲೆಯನ್ನು ಅಡ್ಡಡ್ಡ ಆಡಿಸಿದರು: "ಗುಡುಗು ಚೊಲೋ ಕೇಳ್ತು. ಮಾತು ಕೇಳ್ತಿಲ್ಲೆ."

ಹೊನ್ನಿಗೆ ಸೋಜಿಗ. ಇಷ್ಟು ಒಳ್ಳೆಯ ಸ್ಪೀಕರು, ಮತ್ತೇಕೆ ಹೀಗೆ? ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು. ಅದು ಸಂಗೀತಕ್ಕೆಂದು ಮಾಡಿದ್ದು. ಟೀವಿಯ ಗುಂಯ್‌ಗುಡುವಿಕೆಯನ್ನೂ ಅಷ್ಟೇ ಮುತುವರ್ಜಿಯಿಂದ ದೊಡ್ಡದು ಮಾಡುತ್ತಿತ್ತು. ರಾಜೀವಿಗೆ ಬೇಕಾದದ್ದು ಮಾತನ್ನು ಬಿಡಿಸಿ ತಿಳಿಸುವ 'ಸ', 'ಶ', 'ತ', 'ಚ'.

ಮನೆಗೆ ಬಂದವರೇ ಟೇಪಿನಲ್ಲಿ ತಮ್ಮದೇ ದನಿ ತುಂಬಿಸಿದರು: ಸಾಸಿವೆ, ಶುಂಠಿ, ತುಪ್ಪ, ಚಾಪೆ, ಸೌತೆ, ಸೊರಬ. ಇದ್ದಬದ್ದ ಸ್ಪೀಕರುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ದಿನಾ ಬೆಳಿಗ್ಗೆ ಅದೇ ಪಟ್ಟಿ ಕೇಳಿದರು. ಎರಡು ತಿಂಗಳು. "ಓಣಿಯವ್ರು, ಹೊನ್ನಿ ದಿನಸಿ ಅಂಗಡಿ ಹಾಕ್ತ್ಲಾ ಅಂತ ಕೇಳೂಕೆ ಹತ್ತಿದ್ರು," ಎಂದು ಹುಚ್ಚ ನಾಯ್ಕರು ನೆನೆಸುತ್ತಾರೆ. ಕೊನೆಗೆ ಗೆದ್ದದ್ದು ಹಳೆಯ ರೇಡಿಯೋದ ಹಗುರ ಕಾಗದದ ಸಣ್ಣ ಸ್ಪೀಕರು. ಅದಕ್ಕೆ ಹೊನ್ನಿ ತಾವೇ ಕಾಯಿಲು ಸುತ್ತಿದರು.

ಎರಡನೆಯ ಪೆಟ್ಟಿಗೆ ಕೂರಿಸಿದ ಸಂಜೆ ವಾರ್ತೆ ಬರುತ್ತಿತ್ತು. ರಾಜೀವಿ ಮುಂದಕ್ಕೆ ಬಾಗಿ ಕೂತರು. ಸ್ವಲ್ಪ ಹೊತ್ತಿಗೆ ಬೆನ್ನು ಹಿಂದಕ್ಕೆ ಆನಿಸಿದರು. ಆಮೇಲೆ ಮೊಮ್ಮಗಳು ಅಭಿಜ್ಞಾಳತ್ತ ತಿರುಗಿ, "ಕೂಸೆ, ಶಬ್ದ ಸಣ್ಣ ಮಾಡೆ. ನಂಗೆ ಕೇಳ್ತು," ಎಂದರು.

ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆಯಲ್ಲಿ ಅಜ್ಜಿ ಶಬ್ದ ಸಣ್ಣ ಮಾಡು ಎಂದದ್ದು ಅದೇ ಮೊದಲು.

ಸುದ್ದಿ ಹಬ್ಬಿತು. ನಿಲ್ಕುಂದದಿಂದ, ಯಲ್ಲಾಪುರದಿಂದ ಕಿವಿ ಮಂದವಾದವರ ಮಕ್ಕಳು ಬಂದರು. ನಂದನ ಹೆಗಡೆಯವರಂತೂ ಒಂದು ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಶಿರಸಿಗೆ ಒಯ್ದರು. ಕಂಪನಿಯ ಅಧಿಕಾರಿ ಅಂಗಡಿಗೆ ಬಂದ ದಿನ ಹೊನ್ನಿಯನ್ನೂ ಕರೆಸಿ, ಹದಿನಾಲ್ಕು ಇಂಚಿನ ಟೀವಿಗೆ ಜೋಡಿಸಿ ತೋರಿಸಿದರು. ಇದನ್ನು ಕಂಪನಿಯೇ ಮಾಡಿದರೆ ಎಂಬುದು ಅವರ ಆಸೆ.

ಅಧಿಕಾರಿ ಕಣ್ಣು ಮುಚ್ಚಿ ಕೇಳಿದರು. "ಚೆನ್ನಾಗಿದೆ," ಎಂದು ಒಪ್ಪಿಕೊಂಡರು. "ಆದರೆ ನಮ್ಮ ಹೆಸರು ಇಂಥ ಟೀವಿಯ ಕೆಳಗೆ ಕೂತರೆ, ಲಕ್ಷ ಕೊಟ್ಟು ತಗೊಂಡವರು ಏನಂದುಕೊಳ್ಳುತ್ತಾರೆ? ಟೀವಿ ಗೊರಗೊರ ಅಂದರೂ ಜನ ಬೈಯುವುದು ನಮ್ಮನ್ನೇ."

ಹೊನ್ನಿ ಸುಮ್ಮನಿರಲಿಲ್ಲ. "ಲಕ್ಷದವ್ರಿಗೂ ವಯಸ್ಸಾಗ್ತದೆ ಸಾಹೇಬ್ರೆ. ಅವ್ರ ಕಿವಿಯೂ ಮಂದ ಆಗ್ತದೆ."

ಅಧಿಕಾರಿ ನಕ್ಕರು. ತಿಂಗಳೊಳಗೆ ಪತ್ರ ಬಂತು: ಅಧಿಕೃತ ರಿಪೇರಿ ಮಾಡುವವರು ಇಂಥ ಪೆಟ್ಟಿಗೆಗಳನ್ನು ಮಾಡಕೂಡದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ನಂದನ ಹೆಗಡೆಯವರು ಓಡಿಬಂದರು. "ಹೊನ್ನಿ, ದುಡುಕಬೇಡ. ಪೆಟ್ಟಿಗೆ ಕೆಲಸ ಇವತ್ತಿದ್ದು ನಾಳೆಗಿಲ್ಲ. ಕಂಪನಿ ಕೆಲಸ ಕಾಯಂ. ಅವ್ರು ಹೇಳೂದ್ರಲ್ಲೂ ನ್ಯಾಯ ಉಂಟು." ನ್ಯಾಯ ಇದೆ ಎಂದು ಹೊನ್ನಿಗೂ ಗೊತ್ತಿತ್ತು. ಯಲ್ಲಾಪುರದ ಒಂದು ಮನೆಯಲ್ಲಿ ಹಳೆಯ ಟೀವಿಯ ಗುಂಯ್‌ಗುಡುವಿಕೆಗೆ ಬೈಗುಳ ತಿಂದು ಬಂದದ್ದು ಅವರೇ ಅಲ್ಲವೇ! ಆ ಟೀವಿ ಸರಿಯಾಗುವ ತನಕ ಮೂರು ಸಲ ಓಡಾಡಿದ್ದರು.

ಎರಡು ದಿನ ಯೋಚಿಸಿದರು. ಗಂಡನನ್ನು ಕೇಳಿದರೆ, "ಕೈ ನಿಂದು, ಕಿವಿ ನಿಂದು. ನಾ ಎಂತ ಹೇಳ್ಲಿ? ಮರ ಕೊಯ್ಯೂಕೆ ನಾ ಇದ್ನಲ್ಲ," ಎಂದರಂತೆ. ಮೂರನೆಯ ದಿನ ಬೋರ್ಡು ಕಳಚಿ, ಒರೆಸಿ, ಪೇಪರಿನಲ್ಲಿ ಸುತ್ತಿ ಶಿರಸಿಗೆ ತಲುಪಿಸಿದರು.

ಮುಂದಿನ ವರ್ಷ ಕಷ್ಟದಲ್ಲೇ ಕಳೆಯಿತು. ಮೈಕ್‌ಸೆಟ್ಟಿನವರ ಹರಿದ ಸ್ಪೀಕರುಗಳೇ ಕೈ ಹಿಡಿದವು. ನಂದನ ಹೆಗಡೆಯವರು ಮಾತ್ರ ಅಂಗಡಿಯ ಕೆಳಗಿನ ಹಲಗೆಯಲ್ಲಿ ಹೆಸರಿಲ್ಲದ ಆ ಪೆಟ್ಟಿಗೆಗೆ ಜಾಗ ಬಿಟ್ಟುಕೊಟ್ಟರು. "ಮೇಲಿನ ಹಲಗೆಯದ್ದನ್ನ ಜನ ನೋಡ್ತ್ರು. ಕೆಳಗಿನದ್ದನ್ನ ಒಯ್ತ್ರು," ಎನ್ನುತ್ತಾರೆ ಅವರು. ಈಗ ೨೦೦೭. ಈತನಕ ಎಂಬತ್ತನಾಲ್ಕು ಪೆಟ್ಟಿಗೆಗಳು ಮೂರು ತಾಲೂಕುಗಳ ಟೀವಿಗಳ ಕೆಳಗೆ ಕೂತಿವೆ. ಹೊಸ ತೆಳು ಟೀವಿಗಳು ಬರತೊಡಗಿವೆ. ಅವುಗಳ ದನಿ ಹಿಂಬದಿಯ ಗೋಡೆಗೆ ಹೋಗುತ್ತದೆಂದು ಕೇಳಿ, ಅವಕ್ಕೊಂದು ಅಳತೆ ಹುಡುಕುತ್ತಿದ್ದಾರೆ.

ಆ ಅಧಿಕಾರಿ ಮತ್ತೆ ಬಂದರೆ ಏನು ಹೇಳುತ್ತೀರಿ ಎಂದು ಕೇಳಿದರೆ ಹೊನ್ನಿ ತಂತಿ ಸುತ್ತುವುದನ್ನು ನಿಲ್ಲಿಸುವುದಿಲ್ಲ.

"ಎಂತ ಹೇಳೂದು? ಚಾ ಕೊಡ್ತೆ. ಅಳತೆ ಬರೆದು ಕೊಡ್ತೆ. ನಮ್ಮ ಕೈಲಿ ವರ್ಷಕ್ಕೆ ಮೂವತ್ತು ಆಗ್ತದೆ, ಅವ್ರು ಮನಸ್ಸು ಮಾಡಿದ್ರೆ ದಿನಕ್ಕೇ ಸಾವಿರ ಮಾಡ್ಬಹುದು. ಹೆಸ್ರು ಅವ್ರದ್ದೇ ಹಾಕ್ಕಳ್ಳಲಿ, ನನ್ನದು ಬ್ಯಾಡ. ಒಂದೇ ಮಾತು. ಮಾರೂಕೆ ಮುಂಚೆ ಕಿವಿ ಮಂದ ಆದವ್ರನ್ನ ಒಬ್ರನ್ನಾದ್ರೂ ಎದುರಿಗೆ ಕೂರ್ಸ್ಕಳ್ಳಲಿ. ಅವ್ರು 'ಹೂಂ, ತಿಳೀತು' ಅಂದ್ಮೇಲೆ ಮಾರ್ಲಿ."