ಒಂದಕ್ಷರವೂ ತಪ್ಪಿರಲಿಲ್ಲ

ಮೇಡಂ ನನ್ನ ಉತ್ತರ ಪತ್ರಿಕೆಯನ್ನೂ ಪಠ್ಯಪುಸ್ತಕವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಅವೇ ವಾಕ್ಯಗಳು. ಜರ್ಮನಿಯಲ್ಲಿ ಎಂಎಸ್ಸಿಗೆ ಸೇರಿದ ಮೇಲೆ ಅದು ನನ್ನ ಮೊದಲ ಪರೀಕ್ಷೆ. ನಕಲು ಮಾಡಿದ್ದು ಎಂದಾದರೆ ಸೀಟೇ ಹೋಗುತ್ತಿತ್ತು.

ನಕಲಲ್ಲ, ಬಾಯಿಪಾಠ ಎಂದೆ. ಅವರು ನಂಬಲಿಲ್ಲ. ಅಲ್ಲೇ ನಿಂತು, ಕಣ್ಣು ಮುಚ್ಚಿ ಎರಡು ಪುಟ ಒಪ್ಪಿಸಿದೆ. ಅವರು ಕೈ ಎತ್ತಿ ತಡೆದರು.

"ನಕಲಲ್ಲ, ಒಪ್ಪಿದೆ. ಆದರೆ ಇದರಲ್ಲಿ ನೀನು ಯೋಚಿಸಿದ್ದು ಯಾವುದು?"

ಒಂದು ಸಾಲನ್ನೂ ತೋರಿಸಲಾಗಲಿಲ್ಲ. ಸೀಟು ಉಳಿಯಿತು, ಅಂಕ ಸೊನ್ನೆ. ನಮ್ಮಲ್ಲಿ ಹೀಗೆ ಬರೆದದ್ದಕ್ಕೇ ಪೂರ್ತಿ ಅಂಕ ಬರುತ್ತಿತ್ತು.

ನಮ್ಮೂರು ಯಂಕಂಚಿಯಲ್ಲಿರುವ ಅಪ್ಪನಿಗೆ ಓದು ಬರುವುದಿಲ್ಲ. ಆದರೂ ದಿನಾ ಸಂಜೆ ಹೊಲದಿಂದ ಬಂದವನೇ ಪುಸ್ತಕ ಹಿಡಿದು ಕೂತು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ನಾನು ತಡವರಿಸಿದರೆ ತಪ್ಪಿದೆ ಎಂದೇ ಅರ್ಥ, ಮತ್ತೆ ಮೊದಲಿನಿಂದ ಹೇಳಬೇಕು. ನಮ್ಮ ಮನೆತನದಲ್ಲಿ ನಾನು ಮೊದಲ ಪದವೀಧರೆಯಾದದ್ದು ಹಾಗೆ. ಅದರ ಹೆಮ್ಮೆ ನನಗೆ ಇಂದಿಗೂ ಇದೆ.

ಅಂದೇ ಅಪ್ಪನಿಗೆ ಫೋನ್ ಮಾಡಿದೆ.

"ಒಂದಕ್ಷರ ತಪ್ಪಿಲ್ಲಂತಿ, ಮತ್ತ ಸೊನ್ನಿ ಹ್ಯಾಂಗವ್ವಾ? ಆ ಅಕ್ಕೋರಿಗೆ ಓದಾಕ ಬರತೈತೋ ಇಲ್ಲೋ?" ಎಂದು ನಕ್ಕ.

"ಪುಸ್ತಕದಾಗಿಂದಲ್ಲಪ್ಪಾ, ನಂದ ವಿಚಾರ ಬರೀಬೇಕಿತ್ತಂತ."

ಅಪ್ಪನ ನಗು ನಿಂತಿತು. ಆಮೇಲೆ ಕೇಳಿದ: "ಹಂಗಾದ್ರ ಇಷ್ಟ ವರ್ಸ ನಾ ನಿನಗ ತಪ್ಪು ಕಲಿಸೀನೇನವ್ವಾ?"

ಇಲ್ಲಪ್ಪಾ ಎಂದೆ. ಮುಂದಿನ ಸಲ ಸ್ವಂತವಾಗಿ ಬರೆದು ಆ ಪರೀಕ್ಷೆ ಪಾಸಾದೆ. ಆದರೆ ಅಪ್ಪ ಅಂದಿನಿಂದ ನನ್ನ ಓದಿನ ಮಾತೆತ್ತಿಲ್ಲ. ಫೋನಿನಲ್ಲಿ ಊಟ ಆಯಿತೇ, ಅಲ್ಲಿ ಚಳಿ ಎಷ್ಟಿದೆ ಎಂದಷ್ಟೇ ಕೇಳುತ್ತಾನೆ.