ಹಾಜಿಮಲಂಗ ಕಾಲಿಡದ ಜಾಗ

ನಾಲತವಾಡದ ಕಿಲ್ಲಾ ಓಣಿಯನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಮೇಲಿನಿಂದ. ೧೯೫೬ರ ಬೇಸಿಗೆ. ಮಾಸ್ತರನಾಗಿ ಬಂದು ಮೂರು ದಿನವಾಗಿತ್ತು. ನನ್ನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಯಾರೋ ಓಡಾಡುವ ಸದ್ದಾಗಿ ಏಣಿ ಹತ್ತಿದೆ. ಒಬ್ಬ ಮನುಷ್ಯ ಬರಿಗಾಲಲ್ಲಿ, ಕಣ್ಣು ಮುಚ್ಚಿಕೊಂಡು, ಹೆಜ್ಜೆಗೊಮ್ಮೆ ಹಿಮ್ಮಡಿ ಕುಟ್ಟಿ ನಿಲ್ಲುತ್ತಿದ್ದ.

"ಏನ್ ಹುಡುಕಾಕತ್ತೀರಿ?" ಎಂದೆ.

"ಕೆಳಗ ತೊಲಿ ಮಾತಾಡತಾವ್ರಿ. ನೀವು ಸುಮ್ಮನಿದ್ರ ಕೇಳಸ್ತಾವು."

ಆತನೇ ಹಾಜಿಮಲಂಗ. ಮಳೆಗಾಲ ಹತ್ತಿರ ಬಂತೆಂದರೆ ಮಣ್ಣಿನ ಮಾಳಿಗೆಗಳಿಗೆ ಸವಳು ಮಣ್ಣು ಹೊತ್ತು ಹಾಕಿ, ಬಡಿದು, ನೀರು ಇಳಿಯದಂತೆ ಮಾಡುವುದು ಅವರ ಮನೆತನದ ಕೆಲಸ. ಮಣ್ಣಿನಡಿಯ ತೊಲೆ ಗಟ್ಟಿಯೋ ಪೊಳ್ಳೋ ಎಂಬುದು ಆತನ ಹಿಮ್ಮಡಿಗೆ ಗೊತ್ತಾಗುತ್ತಿತ್ತು.

ಮರುದಿನ ತಾನೇ ಬಂದ. "ಬರ್ರಿ ಮಾಸ್ತರ್ರ, ಊರು ತೋರಸ್ತೇನಿ." ನಾನು ಚಪ್ಪಲಿ ಮೆಟ್ಟಿ ಬಾಗಿಲಿಗೆ ಹೊರಟರೆ ನಕ್ಕ. "ಕೆಳಗೇನೈತ್ರಿ? ಬರೇ ಬಾಗಿಲದಾವ. ಊರು ಮ್ಯಾಲೈತಿ."

ಅದು ನಿಜವೇ ಆಗಿತ್ತು. ಒಂದರ ಗೋಡೆಗೆ ಒಂದು ಅಂಟಿದ ಮನೆಗಳು. ಊರಬಾಗಿಲ ಅಗಸಿಯಿಂದ ಹಳೆ ಕೋಟೆಯ ಕುಸಿದ ಬುರುಜಾದ ಹುಡೇವಿನವರೆಗೆ, ಎರಡೇ ಎರಡು ಕಡೆ ಇಳಿದು ಹತ್ತಿದರೆ, ಮಾಳಿಗೆಯಿಂದ ಮಾಳಿಗೆಗೆ ನಡೆದೇ ಹೋಗಬಹುದಿತ್ತು. ಹೊಸ ಮಾಳಿಗೆಗೆ ಕಾಲಿಡುವ ಮೊದಲು ಹಾಜಿಮಲಂಗ ಬೆಳಕಿಂಡಿಗೆ ಬಾಗಿ ಕೂಗುತ್ತಿದ್ದ: "ಮ್ಯಾಲ ಬಂದೇನ್ರೆವ್ವಾ, ರೊಟ್ಟಿ ಮುಚ್ಚಿಕೋರಿ!" ಧೂಳು ಬೀಳುತ್ತದಲ್ಲ. ಕೆಳಗಿನಿಂದ ಹೆಣ್ಣುದನಿ ಬರುತ್ತಿತ್ತು: "ಬಂತು ನೋಡವ್ವ ಬೆಕ್ಕು, ಹಾಲೂ ಮುಚ್ಚು!"

ಹಾಳುಬಿದ್ದ ವಾಡೆಯ ಮರದ ಸಜ್ಜೆಯಲ್ಲಿ ಕೆತ್ತಿದ ಗಿಳಿಗಳನ್ನು ಆತ ತೋರಿಸಿದ. ಬಣ್ಣ ಹೋಗಿತ್ತು, ಕೊಕ್ಕು ಹಾಗೇ ಇತ್ತು. ಇನ್ನೂರು ವರ್ಷದ್ದೆಂದು ಆತ ಹೇಳಿದ ಗಚ್ಚಿನ ಗೋಡೆಗೆ ಕೆನ್ನೆ ಹಚ್ಚಿದರೆ ಬಿಸಿಲಲ್ಲೂ ತಂಪು. ಸಂಜೆ ಹುಡೇವಿನ ಮೇಲೆ ಕೂತೆವು. ಎಲ್ಲ ಬೆಳಕಿಂಡಿಗಳಿಂದ ಒಟ್ಟಿಗೆ ಒಲೆಯ ಹೊಗೆ ಎದ್ದಿತು. ನೆಲದಡಿ ಒಂದು ಊರೇ ಉಸಿರಾಡುತ್ತಿದೆ ಅನ್ನಿಸಿತು. ಆಮೇಲೆ ಆರು ವರ್ಷ, ರಜೆ ಸಿಕ್ಕಾಗಲೆಲ್ಲ, ನಾವಿಬ್ಬರೂ ಹಾಗೆ ತಿರುಗಿದೆವು.

ಒಂದು ವಿಷಯ ಮೊದಲ ದಿನವೇ ಕಂಡಿದ್ದೆ. ಕೆಲವು ಮಾಳಿಗೆಗಳ ಮೇಲೆ ಆತ ನೆಟ್ಟಗೆ ಹೋಗದೆ ಸುತ್ತು ಹಾಕುತ್ತಿದ್ದ. ಕೇಳಿದರೆ, "ಆ ಜಾಗದ ಕೆಳಗ ಅವರ ದೇವರ ಜಗಲಿ ಐತ್ರಿ. ದೇವರ ತಲಿ ಮ್ಯಾಲ ಕಾಲಿಡಬಾರದು," ಎಂದ. ಯಾರೂ ಹೇಳಿದ್ದಲ್ಲ, ಅಜ್ಜನ ಕಾಲದ ನಡಾವಳಿ. ಅಷ್ಟು ಜಾಗಕ್ಕೆ ಮಾತ್ರ ಹಲಗೆಯ ಮೇಲೆ ಬೋರಲಾಗಿ ಮಲಗಿ ಮಣ್ಣು ಸುರಿದು ಅಂಗೈಯಿಂದ ತಟ್ಟುತ್ತಿದ್ದ. ನಾನು ಇದನ್ನು ಮುದ್ದೇಬಿಹಾಳದಲ್ಲಿ ಕಂಡಕಂಡವರಿಗೆಲ್ಲ ಹೊಗಳಿ ಹೇಳಿದ್ದೇನೆ. ಹಿಮ್ಮಡಿ ಮುಟ್ಟದ ತೊಲೆಯ ಮಾತನ್ನು ಯಾರು ಕೇಳಬೇಕು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

೧೯೬೨ರ ಮೃಗಶಿರಾ ಮಳೆ ಮೂರು ದಿನ ಬಿಡದೆ ಹೊಡೆಯಿತು. ಓಣಿಗೆಲ್ಲ ಶಾವಿಗೆ ಹೊಸೆದುಕೊಡುವ ಸುಂದರವ್ವ, ಮೊಮ್ಮಕ್ಕಳಿಬ್ಬರನ್ನು ಕಟ್ಟಿಕೊಂಡು ಬದುಕುವವಳು, ಬಂದು ಹೇಳಿದಳು: "ಮಲಂಗಾ, ದೇವರ ಜಗಲಿ ಮ್ಯಾಲ ಮಣ್ಣು ಉದರಾಕತ್ತೈತಿ. ಮಕ್ಕಳು ಅದರ ಮುಂದ ಮಲಗತಾವ."

ನಾನೂ ಜೊತೆಗೆ ಹೋದೆ. ಆತ ಮಾಳಿಗೆಯನ್ನೆಲ್ಲ ಕುಟ್ಟಿ ನೋಡಿದ. ಎಲ್ಲ ಗಟ್ಟಿ. ಜಗಲಿಯ ಮೇಲಿನ ಜಾಗವಷ್ಟೇ ಉಳಿಯಿತು. ಅದರ ಅಂಚಿಗೆ ಬಂದು ನಿಂತ, ಕೆಳಗಿಳಿದು ಬಂದ.

"ಯವ್ವಾ, ಅಲ್ಲಿ ನಾ ಕಾಲಿಟ್ಟಿಲ್ಲ, ನಮ್ಮಪ್ಪ ಇಟ್ಟಿಲ್ಲ."

"ಇಡದ ಗೊತ್ತಾಗತೈತೇನು?"

"ಇಲ್ಲ. ಆದ್ರ ಹ್ಯಾಂಗ ಇಡಲಿ?"

"ಹುಚ್ಚ ಅದೀ," ಎಂದು ಸುಂದರವ್ವ ಒಳಗೆ ಹೋದಳು. ಜಗಲಿಯ ದೇವರನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು, ಮಕ್ಕಳನ್ನು ಕರಕೊಂಡು, ಮಳೆಯಲ್ಲೇ ಓಣಿಗೆ ಬಂದು ನಿಂತಳು. "ದೇವರು ನನ್ನ ಉಡ್ಯಾಗ ಅದಾವ. ಈಗ ಅದು ಬರೇ ಕ್ವಾಣಿ. ತುಳಿ."

ಹಾಜಿಮಲಂಗ ನನ್ನನ್ನೂ ಹೊರಗೆ ಕಳಿಸಿ ಮೇಲೆ ಹತ್ತಿದ. ಹಿಮ್ಮಡಿ ಕುಟ್ಟಿದ ಸದ್ದು ಒಂದು ಕೇಳಿತು. ಇನ್ನೊಂದು. "ಪೊಳ್ಳೈತ್ರಿ ಮಾಸ್ತರ್ರ!" ಎಂದು ಕೂಗಿದ. ಅಷ್ಟರಲ್ಲಿ ತೊಲೆ ಮುರಿಯಿತು. ತಲೆಮಾರುಗಳ ಮಣ್ಣು ಆತನನ್ನು ಕರೆದುಕೊಂಡು ಕೆಳಗೆ ಬಂತು.

ಹೊರಗೆ ತೆಗೆದು ಆತನ ಮನೆಗೆ ಒಯ್ದಾಗ ಜೀವವಿತ್ತು. ಸೊಂಟದ ಕೆಳಗೆ ಸ್ಪರ್ಶ ಉಳಿದಿರಲಿಲ್ಲ. ಹೆಂಡತಿ ರಾಜಬಿ ಹಸಿ ಬಟ್ಟೆಯಿಂದ ಹಣೆ ಒರೆಸುತ್ತಿದ್ದಳು. ಸುಂದರವ್ವ ಹೊಸ್ತಿಲಲ್ಲಿ ಕೂತು, "ತುಳಿ ಅಂದಾಕಿ ನಾನ," ಎಂದು ಅದನ್ನೇ ಹೇಳುತ್ತಿದ್ದಳು.

"ನೀ ಅನ್ನದಿದ್ರ ಮಕ್ಕಳ ಮ್ಯಾಲ ಬೀಳತಿತ್ತವ್ವ. ಅಳಬ್ಯಾಡ, ಹೋಗಿ ಅವಕ್ಕ ರೊಟ್ಟಿ ಬಡಿ," ಎಂದ. ಆಮೇಲೆ ನನಗೆ, "ಮಾಸ್ತರ್ರ, ಕಾಗದ ತಗೋರಿ."

ಕಣ್ಣು ಮುಚ್ಚಿಕೊಂಡೇ ಹೇಳಿದ, ಅಗಸಿಯಿಂದ ಹುಡೇವಿನವರೆಗೆ, ಮಾಳಿಗೆಗಳ ಸಾಲಿನಲ್ಲೇ, ಒಂದೂ ತಪ್ಪದೆ, ತಾನು ಕಾಲಿಡದೆ ಬಿಟ್ಟ ಜಾಗವಿದ್ದ ಮನೆಗಳನ್ನು. ಇಪ್ಪತ್ತಮೂರು. ನಡುವೆ ಎರಡು ಸಲ ನೀರು ಕೇಳಿದ. ಒಬ್ಬ ಮನುಷ್ಯನೊಳಗೆ ಒಂದು ಓಣಿ ಇಡೀ ಇರಬಹುದೆಂದು ನಾನು ಅಂದು ಕಂಡೆ. ಮೂರನೆಯ ದಿನ, ಶುಕ್ರವಾರ, ತೀರಿಕೊಂಡ.

ಮಣ್ಣು ಕೊಟ್ಟ ಮರುದಿನ, ಮತ್ತೆ ಸುರಿಯತೊಡಗಿದ ಮಳೆಯಲ್ಲೇ, ಕಾಗದ ಹಿಡಿದು ಹೊರಟೆ. ಸುಂದರವ್ವ ನನ್ನ ಮುಂದೆ ನಡೆದಳು. ಒಂದೊಂದು ಬಾಗಿಲಲ್ಲೂ ಆಕೆಯೇ ಮಾತಾಡಿದಳು. ಜನ ಜಗಲಿಯ ದೇವರನ್ನು ಉಡಿಯಲ್ಲಿ, ಬುಟ್ಟಿಯಲ್ಲಿ ಹೊತ್ತು ಹೊರಗೆ ಬಂದರು. ಆ ಇಕ್ಕಟ್ಟಿನ ಓಣಿಯ ಎರಡೂ ಬದಿಗೆ, ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು, ದೇವರುಗಳನ್ನು ಎದೆಗೆ ಅವಚಿ ನಿಂತರು. ಗಂಡಸರು ತೊಲೆಗಳಿಗೆ ಆಸರೆ ಕೊಟ್ಟು ಮಣ್ಣು ಇಳಿಸಿದರು. ಎಂಟು ಮನೆಗಳಲ್ಲಿ ಗೆದ್ದಲು ತೊಲೆಯನ್ನು ಒಳಗಿನಿಂದ ಖಾಲಿ ಮಾಡಿತ್ತು.

ಕೊನೆಗೆ ಗುರಲಿಂಗಪ್ಪನ ಮನೆ. ಆತ ಬಾಗಿಲು ಬಿಡಲಿಲ್ಲ. "ನಮ್ಮದು ಸಾಗವಾನಿ ತೊಲಿ. ನಮ್ಮ ದೇವರು ಹೊಸ್ತಿಲ ದಾಟಿದ್ದಿಲ್ಲ."

"ನಿಮ್ಮ ದೇವರ ಮರ್ಯಾದಿ ಕಾಯಾಂವ ಹ್ವಾದ," ಎಂದಳು ಸುಂದರವ್ವ. "ಇನ್ನ ನೀವ ಕಾಯ್ಕೋಬೇಕು. ಎತ್ತು."

ಗುರಲಿಂಗಪ್ಪ ಬಾಗಿಲಿನಿಂದ ಸರಿದ. ಒಳಗೆ ಹೋಗಿ, ದೇವರನ್ನು ತನ್ನ ರುಮಾಲಿನಲ್ಲಿ ಸುತ್ತಿಕೊಂಡು, ಬರಿತಲೆಯಲ್ಲಿ ಮಳೆಗೆ ಬಂದ. ಮಣ್ಣು ಇಳಿಸಿದ ಮೇಲೆ ನಾನು ಆ ಸಾಗವಾನಿ ತೊಲೆಯನ್ನು ಬೆರಳಿಂದ ಒತ್ತಿದೆ. ಗೆಣ್ಣಿನವರೆಗೆ ಒಳಗೆ ಹೋಯಿತು.