ನೀಲಾವತಿಯ ಈರುಳ್ಳಿ ಕೂಗು

ಗುಂಡ್ಲುಪೇಟೆಯಲ್ಲಿ ತರಕಾರಿ ಆಟೋಗಳಲ್ಲಿ ಮುದ್ರಿಸಿದ ಕೂಗನ್ನೇ ಮತ್ತೆ ಮತ್ತೆ ಹಾಕುವ ಕೂಗುಪೆಟ್ಟಿಗೆ ಕೆಟ್ಟರೆ ಎಲ್ಲರೂ ಬರುವುದು ಶಂಕರನ ಅಂಗಡಿಗೇ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೆಟ್ಟಿದ್ದು ಯಾಕೆಂದು ಹೇಳದೆ, ಕೆಡಿಸಿದವನಿಗೆ ಚೆನ್ನಾಗಿ ಉಗಿಯದೆ ಅವನು ಪೆಟ್ಟಿಗೆ ವಾಪಸ್ ಕೊಟ್ಟವನಲ್ಲ. ಕಾರಣ ಮುಚ್ಚಿಟ್ಟರೆ ಮತ್ತೆ ಅದನ್ನೇ ಮಾಡಿಕೊಂಡು ಬರುತ್ತಾರೆ ಎಂಬುದು ಅವನ ವಾದ. ಬೈಸಿಕೊಂಡವರೂ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಆವತ್ತು ಬಂದವನು ಕುದೇರಿನ ಶಿವಸ್ವಾಮಿ. ಇಲ್ಲಿ ತರಕಾರಿ ತುಂಬಿಕೊಂಡು ಹೋಗಿ ಚಾಮರಾಜನಗರದ ಬೀದಿಗಳಲ್ಲಿ ಮಾರುವವನು. ಅವನ ಪೆಟ್ಟಿಗೆಯಲ್ಲಿ ಕೂಗುತ್ತಿದ್ದುದು ಹೆಂಡತಿ ನೀಲಾವತಿ. ಈರುಳ್ಳಿ, ಟೊಮೆಟೊ, ಬೀನ್ಸ್ ಎಂದೆಲ್ಲ ಕೂಗಿ, ಕೊನೆಗೆ ನಾಚಿಕೊಂಡು ಕಿಸಕ್ಕನೆ ನಕ್ಕುಬಿಟ್ಟಿದ್ದಳು. ಆ ನಗುವೂ ಹಾಗೇ ಉಳಿದುಕೊಂಡಿತ್ತು. ಕಳೆದ ವರ್ಷ ಜ್ವರ ಬಂದು ಅವಳು ತೀರಿಹೋದಳು.

"ನಗೋದು ಬರ್ತಿಲ್ಲ ಕಣಪ್ಪ. ಬರೀ ಗೊರಗೊರ ಅಂತದ," ಎಂದ ಶಿವಸ್ವಾಮಿ.

ಶಂಕರ ಸ್ಪೀಕರ್ ಬದಲಿಸಿದ, ವೈರು ತಿರುಚಿ ನೋಡಿದ, ಮೆಮೊರಿ ಕಾರ್ಡನ್ನು ಹೊಸ ಪೆಟ್ಟಿಗೆಗೇ ಹಾಕಿದ. ಅದೇ ಗೊರಗೊರ. ಕಂಪ್ಯೂಟರಿಗೆ ಹಾಕಿದರೆ ಫೈಲಿನ ಹೆಸರಿದೆ, ಗಾತ್ರವೂ ಸರಿಯಿದೆ, ಕೆಟ್ಟಿದೆ ಎಂಬ ಒಂದು ಸೂಚನೆಯೂ ಇಲ್ಲ. ಧ್ವನಿ ಇರಬೇಕಾದ ಕಡೆ ಮಾತ್ರ ಬೇರೆ ಏನೇನೋ ಅಂಕಿಗಳು ಬಂದು ಕೂತಿದ್ದವು. ಕೂಗು ಎಲ್ಲಿ ನಿಂತಿತೆಂದು ಈ ಪೆಟ್ಟಿಗೆಗಳು ಕಾರ್ಡಿನಲ್ಲೇ ಬರೆದುಕೊಳ್ಳುತ್ತವೆ. ಬರೆಯುತ್ತಿರುವಾಗ ಕಾರ್ಡ್ ಕಿತ್ತರೆ ಹೀಗಾಗುತ್ತದೆ.

"ಕಾರ್ಡ್ ಯಾರಾದ್ರೂ ಕೀಳ್ತಾರೇನಣ್ಣ?"

"ನಾನೇ ಕಣಪ್ಪ. ದಿನಾ ಸಂಜ ಮನಗ ತಕ್ಕೊಂಡೋಗಿ ಅವ್ಳ ಫೋಟೊ ಮುಂದ, ದೀಪದ ತಾವು ಮಡಗ್ತೀನಿ. ಬೆಳಗ್ಗ ತಿರ್ಗಾ ಹಾಕ್ತೀನಿ."

"ಸ್ವಿಚ್ ಆಫ್ ಮಾಡಿ ತಾನೆ?"

ಶಿವಸ್ವಾಮಿ ಕೆಟ್ಟ ಮಾತು ಕೇಳಿದವನಂತೆ ನೋಡಿದ. "ಪೆಟ್ಗೆ ದೀಪ ಉರೀತಿರೋವಾಗ್ಲೇ ತಗೀತೀನಿ. ಅವ್ಳು ಮಾತಾಡೋ ದೀಪ್ವ ನನ್ ಕೈಯಾರ ಆರ್ಸನಾ?"

ಶಂಕರನ ನಾಲಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ಒಣಗಿತು. ಬೇರೆ ಕೆಲಸ ಬಿಟ್ಟು ಮಧ್ಯಾಹ್ನವೆಲ್ಲ ಆ ಕಾರ್ಡನ್ನು ಕೆದಕಿದ. ಧ್ವನಿ ಮುದ್ರಿಸಿದ್ದ ಫೋನು ಯಾವತ್ತೋ ಗುಜರಿಗೆ ಹೋಗಿತ್ತು, ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು "ಈರುಳ್ಳೀ" ಎಂಬ ಒಂದೇ ಒಂದು ಕೂಗು.

"ಮಿಕ್ಕಿದ್ನ ಬೇರೆ ಯಾರ ಕೈಲಾದ್ರೂ ಕೂಗ್ಸಿ ಹಾಕ್ಕೊಡ್ಲಾ ಅಣ್ಣ?"

"ಕೂಗೋದ ಯಾರಾದ್ರೂ ಕೂಗಾರು. ನಗೋದ ಯಾರ್ ಕೈಲಿ ನಗ್ಸೀಯಪ್ಪ?"

ಶಂಕರ ಕಾರ್ಡನ್ನು ಒರೆಸಿ ಅವನ ಕೈಗಿಟ್ಟ. ಶಿವಸ್ವಾಮಿ ಅದನ್ನು ತಿರುಗಿಸಿ ನೋಡುತ್ತ ಕೇಳಿದ: "ಯಾಕ್ ಇಂಗಾಯ್ತು ಯೋಳು. ನನ್ನಿಂದೇನಾರ ತಪ್ಪಾಯ್ತಾ?"

ಶಂಕರ ತಲೆ ತಗ್ಗಿಸಿ ಪೆಟ್ಟಿಗೆಯ ಸ್ಕ್ರೂ ಬಿಗಿಯತೊಡಗಿದ. ಆಗಲೇ ಬಿಗಿಯಾಗಿದ್ದ ಸ್ಕ್ರೂ ಅದು. "ನಿನ್ನಿಂದೇನಿಲ್ಲ ಕಣಣ್ಣ," ಎಂದ. "ಕಾರ್ಡ್‌ಗೂ ವಯಸ್ಸಾಯ್ತದೆ. ವಯಸ್ಸಾಗೋಗಿತ್ತು, ಅಷ್ಟೆ." ಅಂಗಡಿಯಲ್ಲಿ ಕೂತು ಅವನು ಕಾರಣ ಮುಚ್ಚಿಟ್ಟದ್ದು ಅದೇ ಮೊದಲು.

ಶಿವಸ್ವಾಮಿ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ.

"ವಯಸ್ಸಾಗಿ ಓಗದಾದ್ರ ಸರಿ ಬುಡು," ಎಂದ. "ಅವ್ಳ್ಗ ವಯಸ್ಸೇ ಆಗಿರ್ನಿಲ್ಲ."